ಲೈಟರಿನ ಕಲ್ಲು

ಸಿಗರೇಟು ಬಿಟ್ಟು ಎಂಟು ವರ್ಷ ಆಯ್ತು. ಲೈಟರು ಮಾತ್ರ ಬಿಟ್ಟಿಲ್ಲ. ಪ್ಯಾಂಟಿನ ಬಲಗಡೆ ಜೇಬಿನಲ್ಲಿ, ಚಿಲ್ಲರೆ ಕಾಸಿನ ಜೊತೆ, ಇವತ್ತಿಗೂ ಅದು ಇದ್ದೇ ಇರುತ್ತದೆ.

ಮನೆಯವಳಿಗೆ ಇದು ಬಗೆಹರಿಯದ ವಿಷಯ. "ಸೇದೋದು ಬಿಟ್ಟೆ ಅಂತೀರ, ಮತ್ತೆ ಇದ್ಯಾಕೆ?" ಅಂತ ಶುರುವಿನಲ್ಲಿ ದಿನಾ ಕೇಳುತ್ತಿದ್ದಳು. ಒಗೆಯೋ ಬಟ್ಟೆ ತೆಗೆಯುವ ನೆಪದಲ್ಲಿ ನನ್ನ ಅಂಗಿ ಮೂಸಿ ನೋಡುತ್ತಿದ್ದಳು. ಈಗ ಮೂಸುವುದು ನಿಂತಿದೆ, ಕೇಳುವುದೂ ನಿಂತಿದೆ. ಆದರೆ ಬಸ್ಸಿನಲ್ಲೋ ಬ್ಯಾಂಕಿನಲ್ಲೋ ನಾನು ಪೆನ್ನು ಹುಡುಕುತ್ತಾ ಜೇಬಿನ ಸಾಮಾನು ಹೊರಗೆ ತೆಗೆದರೆ, ನೋಡಿದವರು "ಓ, ಸಾರ್ ಸ್ಮೋಕ್ ಮಾಡ್ತೀರಾ?" ಅನ್ನುತ್ತಾರೆ. ಇಲ್ಲ ಅಂದರೆ ನಂಬುವುದಿಲ್ಲ. ಹೌದು ಅನ್ನುವುದಕ್ಕೆ ನನಗೆ ಮನಸ್ಸಿಲ್ಲ. ಅದಕ್ಕೇ ಇದನ್ನೆಲ್ಲ ಒಮ್ಮೆ ಬರೆದುಬಿಡೋಣ ಅನ್ನಿಸಿತು.

ನಮ್ಮದು ಹರದನಹಳ್ಳಿ. ಹೊಳೆನರಸೀಪುರ ತಾಲ್ಲೂಕು. ಈ ಹೆಸರು ಹೇಳಿದ ತಕ್ಷಣ ಎಲ್ಲರ ಬಾಯಿಂದಲೂ ಬರುವ ಮಾತು ಒಂದೇ: "ದೇವೇಗೌಡ್ರ ಊರಾ?" ಹೌದು, ಅವರ ಊರೇ. 1996ರ ಜೂನ್ 1ನೇ ತಾರೀಖು ಅವರು ದೆಹಲಿಯಲ್ಲಿ ಪ್ರಧಾನಿಯಾಗಿ ಪ್ರಮಾಣವಚನ ತಗೊಂಡಾಗ ನನಗೆ ಹದಿನಾರು ವರ್ಷ. ಅವತ್ತು ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದದ್ದು ನೆನಪಿದೆ. ಗಾಳಿಗೆ ಬೆಂಕಿಕಡ್ಡಿ ನಿಲ್ಲುತ್ತಿರಲಿಲ್ಲ. ಒಂದರ ಮೇಲೊಂದು ಕಡ್ಡಿ ಗೀರಿ ಸಾಕಾದ ಹುಡುಗರು "ದೊಡ್ಡಪ್ಪ, ನಿನ್ ಲೈಟರ್ ಕೊಡು" ಅಂತ ಅಪ್ಪನ ಮುಂದೆ ಕೈಚಾಚಿದರು. ಅಪ್ಪ ಕೊಡಲಿಲ್ಲ. ತಾನೇ ಎದ್ದು ಬಂದು, ಪಂಚೆ ಎತ್ತಿ ಕಟ್ಟಿ, ಸರಕ್ಕೆ ಬೆಂಕಿ ಮುಟ್ಟಿಸಿ, ಮುಚ್ಚಳ "ಟಕ್" ಅಂತ ಮುಚ್ಚಿ, ಏನೂ ಆಗದವನಂತೆ ಜಗಲಿಗೆ ಹೋಗಿ ಕೂತ. ಊರಿನ ಜನಕ್ಕೆ ಅವತ್ತು ನೆನಪಿರೋದು ಗೌಡರು ಪ್ರಧಾನಿ ಆದದ್ದು. ನನಗೆ ನೆನಪಿರೋದು ಅದರ ಜೊತೆಗೆ ಆ ಟಕ್ ಅನ್ನೋ ಶಬ್ದ.

ಅದು ಜಿಪ್ಪೊ ಲೈಟರು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಗಾತ್ರ. ಮೇಲೆ ಕ್ರೋಮಿನ ಹೊಳಪು, ಮೂಲೆಗಳಲ್ಲಿ ಸವೆದು ಒಳಗಿನ ಹಿತ್ತಾಳೆ ಹಳದಿ ಕಾಣುತ್ತದೆ. ನಮ್ಮ ಕಡೆಯ ಒಬ್ಬ ರೈತನ ಕೈಗೆ ಅಮೆರಿಕದ ಲೈಟರು ಹೇಗೆ ಬಂತು ಅನ್ನುವುದಕ್ಕೆ ಮನೆಯಲ್ಲಿ ಮೂರು ಕಥೆ ಇದ್ದವು. ಅಪ್ಪ ಹೇಳುವ ಪ್ರಕಾರ, ಗೊರೂರಿನಲ್ಲಿ ಹೇಮಾವತಿ ಡ್ಯಾಮ್ ಕಟ್ಟುವಾಗ ಅವನು ಅಲ್ಲಿ ಕೂಲಿಯವರ ಲೆಕ್ಕ ಬರೆಯುವ ಕೆಲಸದಲ್ಲಿದ್ದ. ಡ್ಯಾಮಿನ ಕೆಲಸ ಮುಗಿದಾಗ, ಅಂದರೆ 1979ರಲ್ಲಿ, ಅಲ್ಲಿದ್ದ ಇಂಜಿನಿಯರ್ ಒಬ್ಬರು ವರ್ಗವಾಗಿ ಹೋಗುವ ಮುಂಚೆ ತಮ್ಮ ಜೇಬಿನಿಂದ ತೆಗೆದುಕೊಟ್ಟದ್ದು. ಅಕ್ಕ ಹೇಳುವ ಪ್ರಕಾರ, ಅದು ಮದ್ರಾಸಿನ ಬರ್ಮಾ ಬಜಾರಿನ ಮಾಲು, ಯಾವನೋ ಲಾರಿ ಡ್ರೈವರ್ ಮಾರಿದ್ದು. ಅವ್ವನ ಪ್ರಕಾರ ಇಸ್ಪೀಟಿನಲ್ಲಿ ಗೆದ್ದದ್ದು. "ಇಂಜಿನಿಯರ್ ಕೊಟ್ಟನಂತೆ! ನಿಮ್ಮಪ್ಪನ ಮಕ ನೋಡ್ಕಂಡು" ಅನ್ನುತ್ತಿದ್ದಳು.

ಮಕ್ಕಳಾದ ನಾವು ಅವ್ವನ ಕಥೆಯನ್ನೇ ನಂಬಿದ್ದೆವು.

ಬೆಂಕಿ ನಮ್ಮ ಹಳ್ಳಿಗಳಲ್ಲಿ ಸುಮ್ಮನೆ ಸಿಗುವ ವಸ್ತು ಆಗಿರಲಿಲ್ಲ. ಕೇಳಿ ಪಡೆಯಬೇಕಿತ್ತು. ಒಲೆ ಆರಿದ ಮನೆಯವರು ಪಕ್ಕದ ಮನೆಗೆ ಬೆರಣಿ ತುಂಡು ಹಿಡಿದು ಬರುತ್ತಿದ್ದರು. ಮಂಗಳವಾರ ಶುಕ್ರವಾರ ದೀಪ ಹಚ್ಚುವ ಹೊತ್ತಿನಲ್ಲಿ ಅವ್ವ ಕೊಡುತ್ತಿರಲಿಲ್ಲ, ಲಕ್ಷ್ಮಿ ಹೋಗ್ತಾಳೆ ಅಂತ. ಗಂಡಸರ ಕಥೆ ಬೇರೆ. ಈಶ್ವರನ ಗುಡಿ ಮುಂದೆ, ಬಸ್ಸು ಕಾಯುವ ಮರದ ಕೆಳಗೆ, "ಬೆಂಕಿ ಐತೇನಣ್ಣಾ?" ಅಂತ ಒಬ್ಬ ಕೇಳಿದರೆ ಅಲ್ಲಿಗೆ ಒಂದು ಮಾತುಕತೆ ಶುರು ಅಂತಲೇ ಅರ್ಥ. ಮಳೆ, ಬೆಳೆ, ಆಲೂಗಡ್ಡೆ ರೇಟು, ಹುಡುಗಿಗೆ ಗಂಡು, ಎಲ್ಲಕ್ಕೂ ಪೀಠಿಕೆ ಅದೇ ಬೆಂಕಿ. ಅಪ್ಪನ ಹತ್ತಿರ ಲೈಟರ್ ಇದ್ದದ್ದರಿಂದ ಅವನ ಹತ್ತಿರ ಬರುವವರು ಜಾಸ್ತಿ. ಬೀಡಿಯನ್ನು ಬಾಯಲ್ಲಿ ಕಚ್ಚಿಕೊಂಡು ಅಪ್ಪನ ಕೈಯತ್ತ ಬಗ್ಗುತ್ತಿದ್ದರು. ಕೈಗೆ ಕೊಡು ಅಂತ ಯಾರೂ ಕೇಳುತ್ತಿರಲಿಲ್ಲ. ಕೇಳಿದರೂ ಕೊಡುವವನಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ನಮ್ಮ ತಾತನ ಕಾಲಕ್ಕೆ ಎಲೆಅಡಿಕೆ ಸಂಚಿಯಲ್ಲಿ ಚಕಮಕಿ ಇರುತ್ತಿತ್ತಂತೆ. ಒಂದು ಬಿಳಿ ಕಲ್ಲು, ಒಂದು ಉಕ್ಕಿನ ತುಂಡು, ಒಂದಿಷ್ಟು ಬೂರುಗದ ಅರಳೆ. ಕಲ್ಲಿಗೆ ಉಕ್ಕು ಕುಟ್ಟಿ, ಕಿಡಿ ಅರಳೆಗೆ ಬಿದ್ದು, ಅದನ್ನು ಊದಿ ಊದಿ ಕೆಂಡ ಮಾಡಿ ಚುಟ್ಟಾ ಹಚ್ಚುತ್ತಿದ್ದರು. ಜೇಬಿನ ಲೈಟರು ಅನ್ನೋದು ಅದರ ಮೊಮ್ಮಗನೇ. ಆದರೆ ಒಂದು ಸಣ್ಣ ತಿರುವುಮುರುವು ಇದೆ. ಚಕಮಕಿಯಲ್ಲಿ ಕಲ್ಲು ಗಟ್ಟಿ, ಉಕ್ಕು ಅದಕ್ಕಿಂತ ಮೆತ್ತಗೆ. ಕಲ್ಲು ಉಕ್ಕನ್ನು ಹೆರೆಯುತ್ತದೆ, ಹೆರೆದ ಉಕ್ಕಿನ ಪುಡಿ ಉರಿದು ಕಿಡಿಯಾಗುತ್ತದೆ. ಲೈಟರಿನಲ್ಲಿ ಹಾಗಲ್ಲ. ಅಲ್ಲಿ ಉಕ್ಕಿನ ಗಾಲಿಯೇ ಕಲ್ಲನ್ನು ಹೆರೆಯುತ್ತದೆ. ನಾವು ಕಲ್ಲು ಅಂತ ಕರೆಯುವ ಅಕ್ಕಿಕಾಳಿನಷ್ಟು ಸಾಮಾನು ಕಲ್ಲೇ ಅಲ್ಲ, ಅದು ಲೋಹ. ಸೀರಿಯಂ ಮತ್ತು ಅದರ ಜೊತೆಯ ಲೋಹಗಳನ್ನು ಕಬ್ಬಿಣಕ್ಕೆ ಬೆರೆಸಿ ಮಾಡಿದ್ದು. ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್ ಅನ್ನುವ ರಸಾಯನ ವಿಜ್ಞಾನಿ 1903ರಲ್ಲಿ ಕಂಡುಹಿಡಿದದ್ದು.

ಈ ಮನುಷ್ಯನ ಹೆಸರು ನಿಮಗೆ ಹೊಸದಿರಬಹುದು, ಅವನ ಕೆಲಸ ಹೊಸದಲ್ಲ. ಜಾತ್ರೆಯಲ್ಲಿ, ಮದುವೆ ಮೆರವಣಿಗೆಯಲ್ಲಿ ತಲೆಮೇಲೆ ಹೊತ್ತು ಬರುತ್ತಿದ್ದ ಗ್ಯಾಸ್‌ಲೈಟು ನೆನಪಿದೆಯಲ್ಲ? ಅದರೊಳಗೆ ಬೆಳ್ಳಗೆ ಉರಿಯುತ್ತಿದ್ದ, ಮುಟ್ಟಿದರೆ ಪುಡಿಯಾಗುವ ಮ್ಯಾಂಟಲ್? ಅದೂ ಇವನದೇ. ಮ್ಯಾಂಟಲಿಗೆ ಥೋರಿಯಂ ಬೇಕು. ಥೋರಿಯಂ ಸಿಗುವುದು ಮೊನಜೈಟ್ ಮರಳಿನಲ್ಲಿ. ಆ ಮರಳು ಕೇರಳದ ಕಡಲತೀರದಲ್ಲಿ, ಆಗಿನ ತಿರುವಾಂಕೂರಿನಲ್ಲಿ, ರಾಶಿ ರಾಶಿ ಇದೆ ಅಂತ 1909ರಲ್ಲಿ ಗೊತ್ತಾಯಿತು. ಮರಳಿನಿಂದ ಥೋರಿಯಂ ತೆಗೆದ ಮೇಲೆ ಸೀರಿಯಂ ತರದ ಲೋಹಗಳು ಹೊಟ್ಟಿನ ಹಾಗೆ ಉಳಿಯುತ್ತಿದ್ದವು. ಆ ಹೊಟ್ಟನ್ನು ಏನು ಮಾಡುವುದು ಅಂತ ಯೋಚಿಸಿದಾಗ ಹುಟ್ಟಿದ್ದೇ ಲೈಟರಿನ ಕಲ್ಲು. ಗ್ಯಾಸ್‌ಲೈಟಿನ ಹೊಟ್ಟು ಲೈಟರಿಗೆ ಊಟ. ನಮ್ಮೂರ ಹಬ್ಬದಲ್ಲಿ ಗ್ಯಾಸ್‌ಲೈಟಿನ ಬೆಳಕಲ್ಲಿ ನಿಂತು ಅಪ್ಪ ಲೈಟರಿನಿಂದ ಸಿಗರೇಟು ಹಚ್ಚುವಾಗ, ಎರಡೂ ಒಂದೇ ಮನುಷ್ಯನ ತಲೆಯಿಂದ ಬಂದವು ಅಂತ ನಮಗೆ ಯಾರು ಹೇಳಬೇಕಿತ್ತು?

ಜಿಪ್ಪೊ ಹುಟ್ಟಿದ್ದರ ಹಿಂದೆಯೂ ಆಸ್ಟ್ರಿಯಾದ್ದೇ ಒಂದು ಲೈಟರ್ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್ ಅನ್ನುವ ಊರಿನ ಜಾರ್ಜ್ ಬ್ಲೇಸ್ಡೆಲ್, 1932ರಲ್ಲಿ ಗೆಳೆಯನೊಬ್ಬ ಆಸ್ಟ್ರಿಯಾದ ಲೈಟರಿನ ಮುಚ್ಚಳ ಕಿತ್ತು, ಎರಡೂ ಕೈ ಬಳಸಿ ಒದ್ದಾಡುವುದನ್ನು ನೋಡಿದ. ಮುಚ್ಚಳಕ್ಕೆ ಬಾಗಿಲಿನ ಹಾಗೆ ಒಂದು ಕೀಲು ಕೊಟ್ಟರೆ ಒಂದೇ ಕೈ ಸಾಕಲ್ಲ ಅಂದುಕೊಂಡ. ಮುಂದಿನ ವರ್ಷವೇ ಮಾಡಿ ಮಾರಿದ. ಬೆಲೆ ಒಂದು ಡಾಲರ್ 95 ಸೆಂಟ್. ಕೆಟ್ಟರೆ ಕಾಸಿಲ್ಲದೆ ರಿಪೇರಿ ಮಾಡಿಕೊಡ್ತೀವಿ ಅಂದ. ಆ ಮಾತು ಇವತ್ತಿಗೂ ನಡೀತಿದೆ.

ನಮ್ಮ ದೇಶದಲ್ಲಿ ಲೈಟರಿಗೂ ಸರ್ಕಾರಕ್ಕೂ ಹಳೇ ನಂಟು. 1934ರಲ್ಲಿ ಬ್ರಿಟಿಷ್ ಸರ್ಕಾರ ಬೆಂಕಿಪೊಟ್ಟಣದ ಮೇಲೆ ಸುಂಕ ಹಾಕಿದ ವರ್ಷವೇ ಲೈಟರಿನ ಮೇಲೂ ಸುಂಕದ ಕಾನೂನು ತಂತು. ಬೆಂಕಿ ಹಚ್ಚಿದರೆ ತೆರಿಗೆ, ಯಾವುದರಿಂದ ಹಚ್ಚಿದರೂ! ಈಚೆಗೆ 2021ರ ಡಿಸೆಂಬರಿನಲ್ಲಿ ಹದಿನಾಲ್ಕು ವರ್ಷದ ಮೇಲೆ ಬೆಂಕಿಪೊಟ್ಟಣ ಒಂದು ರೂಪಾಯಿಂದ ಎರಡಾಯಿತು. ಎಸೆಯುವ ಪ್ಲಾಸ್ಟಿಕ್ ಲೈಟರುಗಳಿಂದ ನಮ್ಮ ಹೊಟ್ಟೆ ಮೇಲೆ ಹೊಡೆತ ಅಂತ ತಮಿಳುನಾಡಿನ ಬೆಂಕಿಪೊಟ್ಟಣದವರು ಗೋಳಾಡಿದರು. 2023ರ ಜೂನಿನಲ್ಲಿ ಇಪ್ಪತ್ತು ರೂಪಾಯಿಗಿಂತ ಕಡಿಮೆ ಬೆಲೆಯ ಸಿಗರೇಟ್ ಲೈಟರುಗಳ ಆಮದನ್ನು ಕೇಂದ್ರ ನಿಲ್ಲಿಸಿತು. 2024ರ ಅಕ್ಟೋಬರಿನಲ್ಲಿ ಅವುಗಳ ಬಿಡಿಭಾಗದ ಆಮದನ್ನೂ ನಿಲ್ಲಿಸಿತು. ನನಗೆ ಅವುಗಳ ಮೇಲೆ ಪ್ರೀತಿಯೇನಿಲ್ಲ. ಗ್ಯಾಸ್ ಮುಗಿದರೆ ಬಿಸಾಡಬೇಕು. ಕೆರೆ ಏರಿ ಮೇಲೆ ನಡೆದರೆ ಹತ್ತು ಹೆಜ್ಜೆಗೆ ಒಂದು ಸಿಗುತ್ತದೆ, ಕೆಂಪು, ಹಸಿರು, ನೀಲಿ. ಅಪ್ಪನ ಲೈಟರಿನ ವಯಸ್ಸಿನಲ್ಲಿ ಅಂಥವು ಎಷ್ಟು ಸಾವಿರ ಸತ್ತಿರಬೇಕು!

ಸತ್ಯ ಹೇಳಬೇಕೆಂದರೆ ಇಂಥ ಲೈಟರು ಸಾಕುವುದು ಒಂದು ಹಸು ಸಾಕಿದ ಹಾಗೆ. ವಾರ ವಾರ ನೋಡಿಕೊಳ್ಳಬೇಕು. ಹೊರಗಿನ ಡಬ್ಬಿಯಿಂದ ಒಳಗಿನ ಯಂತ್ರವನ್ನು ಎಳೆದರೆ ತಳದಲ್ಲಿ ಒಂದು ಫೆಲ್ಟಿನ ತುಂಡು ಕಾಣುತ್ತದೆ. ಅದರ ಒಂದು ಮೂಲೆ ಎತ್ತಿದರೆ ಒಳಗೆ ಹತ್ತಿ. ಹತ್ತಿಗೆ ಎಣ್ಣೆ ಕುಡಿಸಬೇಕು. ಹತ್ತಿಯೊಳಗೆ ಹಾವಿನ ಹಾಗೆ ಸುತ್ತಿಕೊಂಡ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ. ಬತ್ತಿಯ ಸುತ್ತ ಗಾಳಿಗೆ ಅಡ್ಡವಾಗಿ ಒಂದು ಗೂಡು, ಅದಕ್ಕೆ ಹದಿನಾರು ತೂತು. ಆ ತೂತುಗಳಿಂದಲೇ ಗಾಳಿ ಹೊಡೆದರೂ ಬೆಂಕಿ ಆರುವುದಿಲ್ಲ. ತಳದ ನಡುವಿನ ಸ್ಕ್ರೂ ಬಿಚ್ಚಿದರೆ ಸ್ಪ್ರಿಂಗು, ಸ್ಪ್ರಿಂಗಿನ ತುದಿಗೆ ಕಲ್ಲು. ಕಲ್ಲು ಸವೆದರೆ ಹೊಸದು ಹಾಕಬೇಕು. ಎಣ್ಣೆ ತುಂಬಿಸಿ ಹಚ್ಚದೇ ಇಟ್ಟರೂ ಒಂದೆರಡು ವಾರದಲ್ಲಿ ತಾನಾಗೇ ಆರಿಹೋಗುತ್ತದೆ. ಮರೆತರೆ ಕೈಕೊಡುತ್ತದೆ.

ಅಪ್ಪ ಭಾನುವಾರ ತಲೆಗೆ ಎಣ್ಣೆ ಇಟ್ಟುಕೊಂಡು ಬಿಸಿಲಿಗೆ ಕೂತಾಗ ಲೈಟರಿಗೂ ಎಣ್ಣೆ ಆಗುತ್ತಿತ್ತು. ಎಣ್ಣೆ ಅಂದರೆ ಪೆಟ್ರೋಲು. ಲೈಟರಿಗೆ ಅಂತಲೇ ಶುದ್ಧ ಮಾಡಿದ ಎಣ್ಣೆ ಡಬ್ಬಿಯಲ್ಲಿ ಬರುತ್ತದೆ ಅಂತ ನನಗೆ ಗೊತ್ತಾದದ್ದು ಬೆಂಗಳೂರಿಗೆ ಹೋದ ಮೇಲೆ. ಅಪ್ಪ ಪಕ್ಕದ ಮನೆಯ ರಾಜದೂತ್ ಬೈಕಿನ ಪೈಪು ಎಳೆದು ಒಂದು ಇಂಜೆಕ್ಷನ್ ಸಿರಿಂಜಿಗೆ ಹಿಡಿದುಕೊಂಡು ಬರುತ್ತಿದ್ದ. ಬೆಂಕಿ ಹತ್ತಿದರೆ ಕಪ್ಪು ಹೊಗೆ, ಮೂಗು ಮುಚ್ಚುವ ವಾಸನೆ. ನೀವು ಯಾರಾದರೂ ಇದನ್ನು ಓದಿ ಬೈಕಿನ ಕಡೆ ನೋಡುತ್ತಿದ್ದರೆ, ದಯವಿಟ್ಟು ಬೇಡ. ಎಣ್ಣೆ ಹೆಚ್ಚಾಗಿ ತುಂಬಿದರೂ ಕಷ್ಟ. ಒಮ್ಮೆ ನಾನು ಕುಡಿಯುವಷ್ಟು ಕುಡೀಲಿ ಅಂತ ತುಂಬಿಸಿ ಜೇಬಿಗೆ ಹಾಕಿಕೊಂಡು ಹಾಸನದ ಬಸ್ಸು ಹತ್ತಿದೆ. ಊರು ದಾಟುವಷ್ಟರಲ್ಲಿ ತೊಡೆ ಚುರುಚುರು ಅನ್ನತೊಡಗಿತು. ಎಣ್ಣೆ ಒಸರಿ ಚರ್ಮ ಕೆಂಪಾಗಿ ಸುಟ್ಟ ಹಾಗಾಗಿತ್ತು. ತುಂಬಿದ ಬಸ್ಸಿನಲ್ಲಿ ಜೇಬಿಗೆ ಕೈ ಹಾಕಿಕೊಂಡು ಕುಣಿಯುತ್ತಿದ್ದ ನನ್ನನ್ನು ಪಕ್ಕದ ಅಜ್ಜಿ ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದೆ.

ಈಗ ಹೇಳಲೇಬೇಕಾದ ಮಾತು. ನನಗೆ ಸಿಗರೇಟಿನ ಚಟ ಹತ್ತಿದ್ದು ಲೈಟರಿನ ಚಟದಿಂದ.

1999ರಲ್ಲಿ ಮೈಸೂರಿನಲ್ಲಿ ಓದುತ್ತಿದ್ದೆ. ಒಂದು ಹಬ್ಬಕ್ಕೆ ಊರಿಗೆ ಬಂದವನು ವಾಪಸ್ ಹೋಗುವಾಗ ಗೂಟಕ್ಕೆ ನೇತುಹಾಕಿದ್ದ ಅಪ್ಪನ ಅಂಗಿಯಿಂದ ಲೈಟರ್ ಎತ್ತಿಕೊಂಡೆ. ರೂಮಿನಲ್ಲಿ ಅದನ್ನು ತೆಗೆದು ಟಕ್ ಅನ್ನಿಸಿದ ಕೂಡಲೇ ನನಗೊಂದು ಬೆಲೆ ಬಂತು. ಊರ ಗಂಡಸರು ಅಪ್ಪನ ಕೈಗೆ ಬಗ್ಗುತ್ತಿದ್ದ ಹಾಗೆ ಗೆಳೆಯರು ನನ್ನ ಕೈಗೆ ಬಗ್ಗಿದರು. ಬೇರೆಯವರಿಗೆ ಹಚ್ಚಿಕೊಡುತ್ತಾ ಎಷ್ಟು ದಿನ ಸುಮ್ಮನಿರೋದು? ನಾಲ್ಕನೇ ದಿನಕ್ಕೆ ನಾನೂ ಒಂದು ಹಚ್ಚಿದೆ. ಮುಂದಿನ ಭಾನುವಾರ ಊರಿಗೆ ಹೋಗಿ ಅದೇ ಅಂಗಿಯ ಜೇಬಿನಲ್ಲಿ ಇಟ್ಟೆ. ಆ ವಾರವೆಲ್ಲ ಅಪ್ಪ ಬೆಂಕಿಪೊಟ್ಟಣದಲ್ಲಿ ಕಾಲ ಕಳೆದಿದ್ದ. ಏನೂ ಕೇಳಲಿಲ್ಲ. ಬಸ್ಸು ಹತ್ತಿಸುವಾಗ ಮಾತ್ರ, "ಅದು ಹಚ್ಚೋಕೆ ಇರೋದು ಕಣ್ಲಾ, ಸೇದೋಕಲ್ಲ" ಅಂದ. ಆಗ ನನಗೆ ನಗು ಬಂದಿತ್ತು. ದಿನಕ್ಕೆ ಒಂದು ಪ್ಯಾಕು ಸುಡುವ ಮನುಷ್ಯ ಹೇಳುವ ಮಾತಾ ಇದು?

ನಮ್ಮ ಸೋದರಮಾವ ಅರಕಲಗೂಡು ಕಡೆಯವನು. ಅಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ, ಸಿಗರೇಟಿಗೆ ಹೋಗುವ ವರ್ಜೀನಿಯಾ ಸೊಪ್ಪು. ಹದಗೊಳಿಸಲು ಬ್ಯಾರನ್ನಿಗೆ ಏರಿಸಿದರೆ ವಾರದವರೆಗೆ ರಾತ್ರಿ ಹಗಲು ಸೌದೆ ಉರಿ ಕಾಯಬೇಕು. ಆಮೇಲೆ ಬೇಲು ಕಟ್ಟಿ ರಾಮನಾಥಪುರದ ಹರಾಜು ಕಟ್ಟೆಗೆ ಒಯ್ಯಬೇಕು. ಮಾವ ಬೀಡಿಯನ್ನೂ ಮುಟ್ಟಿದವನಲ್ಲ. "ಬೆಳೆಯೋರು ನಾವು, ಸುಡೋರು ನೀವು" ಅಂತ ಅಪ್ಪನನ್ನು ಛೇಡಿಸುತ್ತಿದ್ದ. ಒಂದು ಸಲ ಮಳೆ ಹಿಡಿದು ಕಡ್ಡಿಗಳೆಲ್ಲ ತೇವವಾಗಿದ್ದ ರಾತ್ರಿ ಆ ಬ್ಯಾರನ್ನಿನ ಉರಿ ಹಚ್ಚಿದ್ದೂ ಅಪ್ಪನ ಲೈಟರೇ. ಆ ಸೊಪ್ಪಿನ ದುಡ್ಡಲ್ಲಿ ಮಾವನ ಮಗಳ ಮದುವೆ ಆಯ್ತು. ಯಾರನ್ನು ಬೈಯುವುದು?

ಕೆಲಸ ಸಿಕ್ಕಿ ಬೆಂಗಳೂರು ಸೇರಿದ ಮೇಲೆ ನಾನೂ ನನ್ನದೇ ಒಂದು ಲೈಟರ್ ಕೊಂಡೆ. ಅದು ಬಹಳ ದಿನ ಬಾಳಲಿಲ್ಲ. ಮೊದಲ ಸಲ ವಿಮಾನ ಹತ್ತುವಾಗ ತಪಾಸಣೆಯಲ್ಲಿ ಬುಟ್ಟಿಗೆ ಬಿತ್ತು. ಲೈಟರ್ ಒಯ್ಯಬಾರದು ಅನ್ನುವ ನಿಯಮ ನನಗೆ ಗೊತ್ತಿರಲಿಲ್ಲ, ತಪ್ಪು ನನ್ನದೇ. ಆದರೆ ಅದರ ದೆಸೆಯಿಂದ ಒಂದು ವಿದ್ಯೆ ಕಲಿತಿದ್ದೆ. ಜಿಪ್ಪೊ ತಳದಲ್ಲಿ ಹುಟ್ಟಿದ ವರ್ಷದ ಗುರುತು ಇರುತ್ತದೆ. 1986ರ ನಂತರದವಕ್ಕೆ ತಿಂಗಳಿನ ಅಕ್ಷರವೂ ವರ್ಷದ ಅಂಕಿಯೂ ಇರುತ್ತವೆ. ಅದಕ್ಕೂ ಹಿಂದಿನವಕ್ಕೆ ಬರೀ ಚುಕ್ಕಿ, ಗೀಟು. ವರ್ಷ ಕಳೆದ ಹಾಗೆ ಒಂದೊಂದು ಗೀಟು ಕಡಿಮೆ. ಊರಿಗೆ ಹೋದಾಗ ಅಪ್ಪನ ಲೈಟರ್ ಇಸಕೊಂಡು, ತಳವನ್ನು ಹುಣಸೆಹಣ್ಣು ಹಾಕಿ ಉಜ್ಜಿ ನೋಡಿದೆ. ಹೆಸರಿನ ಎಡಗಡೆ ಎರಡು ಓರೆ ಗೀಟು, ಬಲಗಡೆ ಎರಡು ಓರೆ ಗೀಟು. 1978.

ಅಂದರೆ ಡ್ಯಾಮ್ ಮುಗಿಯುವ ಹಿಂದಿನ ವರ್ಷ ಅಮೆರಿಕದಲ್ಲಿ ತಯಾರಾದದ್ದು. ಇಂಜಿನಿಯರ್ ಕಥೆಗೆ ಸರಿಯಾಗಿ ಹೊಂದುತ್ತದೆ. ಇಸ್ಪೀಟಿನಲ್ಲಿ ಗೆದ್ದದ್ದಲ್ಲ ಅಂತ ಅದರಿಂದ ಸಾಬೀತಾಗುವುದಿಲ್ಲ ನಿಜ. ಆದರೂ ಮೂವತ್ತು ವರ್ಷ ನಕ್ಕಿದ್ದಕ್ಕೆ ನನಗೆ ನಾಚಿಕೆ ಆಯ್ತು. ಹೋಗಿ ಹೇಳಿದೆ. ಅಪ್ಪ ಕಣ್ಣು ಕಿರಿದು ಮಾಡಿ ಆ ಗೀಟು ನೋಡಿ, "ನಾನು ಹೇಳಿದ್ರೆ ನಂಬ್ಲಿಲ್ಲ. ಗೀಟು ಹೇಳಿದ್ರೆ ನಂಬ್ತೀಯ" ಅಂದ. ಆಮೇಲೆ ಅವ್ವನಿಗೆ ಕೇಳುವ ಹಾಗೆ ಜೋರಾಗಿ ಎರಡನೇ ಸಲ ಅಂದ.

2017ರಲ್ಲಿ ಅಪ್ಪನಿಗೆ ಉಸಿರು ಕಟ್ಟತೊಡಗಿತು. ಗದ್ದೆಗೆ ಹೋಗಿ ಬರುವಷ್ಟರಲ್ಲಿ ಮೂರು ಕಡೆ ಕೂರುತ್ತಿದ್ದ. ಹಾಸನದಲ್ಲಿ ತೋರಿಸಿದೆವು. ಡಾಕ್ಟರು ಊದಿಸಿ ನೋಡಿ, ಎಕ್ಸರೇ ನೋಡಿ, ಶ್ವಾಸಕೋಶ ಹಳೇ ಬಲೂನಿನ ಹಾಗೆ ಸಡಿಲ ಆಗಿದೆ ಅಂದರು. ಸಿ.ಒ.ಪಿ.ಡಿ. ಹೋದದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳಬೇಕು ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಸೇದ್ತೀರಾ?" ಅಂತ ಕೇಳಿದರು. ನನ್ನ ಅಂಗಿ ಜೇಬಿನ ಪ್ಯಾಕು ಅವರಿಗೆ ಕಾಣುತ್ತಿತ್ತು. ಅವತ್ತೇ ಬಿಟ್ಟೆ ಅಂದರೆ ಸುಳ್ಳು, ಎರಡು ತಿಂಗಳು ಹಿಡೀತು. ಬಿಟ್ಟೆ. ಅಪ್ಪನೂ ಬಿಟ್ಟ. ಅವನದು ಬಿಟ್ಟದ್ದಲ್ಲ, ಉಸಿರೇ ಬಿಡಿಸಿತು.

ಮರುವರ್ಷ ಮನೆಗೆ ಆಕ್ಸಿಜನ್ ಮಶೀನು ಬಂತು. ರೂಮಿನ ಮೂಲೆಯಲ್ಲಿ ಗುಂಯ್ ಅನ್ನುತ್ತಾ, ಅಪ್ಪನ ಮೂಗಿಗೆ ಸಣ್ಣ ಪೈಪು. ಕೂರಿಸಿದ ಹುಡುಗ ಎಲ್ಲಾ ಹೇಳಿಕೊಟ್ಟು, ಹಾಸಿಗೆ ಪಕ್ಕದಲ್ಲಿದ್ದ ಲೈಟರ್ ನೋಡಿ ಬೆಚ್ಚಿದ. "ಸಾರ್, ಇದು ಈ ರೂಮಲ್ಲಿ ಇರ್ಲೇಬಾರ್ದು." ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಆದರೆ ಸುತ್ತ ಇರುವುದನ್ನೆಲ್ಲ ಉರಿಸುತ್ತದೆ. ಹೊದಿಕೆಗೆ, ಗಡ್ಡಕ್ಕೆ, ಕೂದಲಿಗೆ ಆಕ್ಸಿಜನ್ ತುಂಬಿಕೊಂಡಿರುತ್ತದೆ. ಒಂದು ಕಿಡಿ ಸಾಕು.

ಲೈಟರನ್ನು ನಾನು ಒಯ್ದು ಬೀರುವಿನಲ್ಲಿಟ್ಟೆ. ಅಪ್ಪ ಏನೂ ಅನ್ನಲಿಲ್ಲ. ಆದರೆ ಅವನ ಬಲಗೈ ಸುಮ್ಮನಿರಲಿಲ್ಲ. ದಿಂಬಿನ ಕೆಳಗೆ, ಅಂಗಿಯ ಜೇಬಿಗೆ, ಹಾಸಿಗೆ ಅಂಚಿಗೆ, ಹೋಗಿ ಹೋಗಿ ಹುಡುಕುತ್ತಿತ್ತು. ಹೆಬ್ಬೆರಳು ತಾನಾಗೇ ಗಾಳಿಯಲ್ಲಿ ಮುಚ್ಚಳ ತೆಗೆಯುತ್ತಿತ್ತು. ಅವ್ವ ನೋಡಲಾರದೆ ಎದ್ದು ಹೋಗುತ್ತಿದ್ದಳು.

ನನಗೊಂದು ಉಪಾಯ ಹೊಳೆಯಿತು. ಮುಚ್ಚಳ ತೆಗೆದು ಒಂದು ವಾರ ಬಿಸಿಲಿಗಿಟ್ಟು ಎಣ್ಣೆ ಪೂರ್ತಿ ಆರಿಸಿದೆ. ತಳದ ಸ್ಕ್ರೂ ಬಿಚ್ಚಿ ಕಲ್ಲನ್ನು ಉದುರಿಸಿ ಹಿತ್ತಿಲಿಗೆ ಎಸೆದೆ. ಈಗ ಅದರಲ್ಲಿ ಕಿಡಿಯೂ ಇಲ್ಲ, ಎಣ್ಣೆಯೂ ಇಲ್ಲ. ತಂದು ಅಪ್ಪನ ಕೈಗಿಟ್ಟೆ. ಅವನ ಮುಖ ಅರಳಿತು. ಟಕ್ ಅನ್ನಿಸಿದ. ಮತ್ತೆ ತೆಗೆದು ಗಾಲಿ ತಿರುಗಿಸಿದ. ಗಾಲಿ ಸಪ್ಪಗೆ ತಿರುಗಿತು. ಒಂದು ಕ್ಷಣ ನನ್ನ ಮುಖ ನೋಡಿ,

"ಕಲ್ಲು ಸವೆದೈತೆ ಕಣ್ಲಾ" ಅಂದ.

"ಹೂಂ ಕಣಪ್ಪ. ಹಾಸನಕ್ಕೆ ಹೋದಾಗ ತರ್ತೀನಿ ಬಿಡು."

ಅವತ್ತಿನಿಂದ ಇದು ನಮ್ಮಿಬ್ಬರ ವಾರದ ಮಾತಾಯಿತು. ನಾನು ಶನಿವಾರ ಬೆಂಗಳೂರಿನಿಂದ ಬರುತ್ತಿದ್ದೆ. "ಕಲ್ಲು ತಂದ್ಯಾ?" "ಸಿಗ್ಲಿಲ್ಲಪ್ಪ." "ಅಂಗಡಿ ಬಾಗ್ಲು ಹಾಕಿತ್ತು." "ಮುಂದಿನ ವಾರ ಬರುತ್ತಂತೆ." ಒಂದು ಸಲ ಅಪ್ಪನಿಗೂ ರೇಗಿತು. "ಹಾಸನದಂಥ ಹಾಸನದಲ್ಲಿ ಒಂದು ಲೈಟರ್ ಕಲ್ಲು ಸಿಕ್ಕಲ್ವೇನ್ಲಾ? ಸುಳ್ ಹೇಳಿದ್ರೂ ಒಪ್ಪೋ ಹಂಗೆ ಹೇಳು" ಅಂದು, ಕೆಮ್ಮಿ, ಪೈಪು ಸರಿಮಾಡಿಕೊಂಡು ಗೋಡೆ ಕಡೆ ತಿರುಗಿದ. ಮುಂದಿನ ಶನಿವಾರ ಮತ್ತೆ ಕೇಳಿದ. ನಾನು ಮತ್ತೆ ಸುಳ್ಳು ಹೇಳಿದೆ. ಒಂದು ವರ್ಷದ ಹತ್ತಿರ ಹೀಗೇ ನಡೆಯಿತು. 2019ರಲ್ಲಿ ಅಪ್ಪ ಹೋದಾಗ ಲೈಟರು ದಿಂಬಿನ ಕೆಳಗಿತ್ತು. ಸಾಯುವ ಮನುಷ್ಯನ ಹತ್ತಿರ ವಾರ ವಾರ ಸುಳ್ಳು ಹೇಳಿದೆ ಅನ್ನುವುದು ನನ್ನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಮರುವರ್ಷ ಲಾಕ್‌ಡೌನ್. ಊರಿಗೆ ಬಂದು ಕೂತಿದ್ದೆ. ಒಂದು ಮಧ್ಯಾಹ್ನ ಮಾಡಲು ಕೆಲಸವಿಲ್ಲದೆ ಬೀರು ತೆಗೆದೆ. ಬೆಂಗಳೂರಿನಿಂದ ತಂದಿದ್ದ ಎಣ್ಣೆ ಡಬ್ಬಿ ಹಿಡಿದು ಲೈಟರಿನ ಒಳಭಾಗ ಎಳೆದೆ. ಎಣ್ಣೆ ಹಾಕಲು ಫೆಲ್ಟಿನ ಮೂಲೆ ಎತ್ತಿದೆ. ಹತ್ತಿಯಲ್ಲಿ ಒತ್ತಿ ಕೂರಿಸಿದ ಹಾಗೆ ಎರಡು ಕಲ್ಲು ಇದ್ದವು. ಹೊಸವು. ಬಳಸದೇ ಇದ್ದವು.

ಇದು ಲೈಟರು ಇಟ್ಟುಕೊಂಡವರೆಲ್ಲ ಮಾಡುವ ಕೆಲಸ ಅಂತ ನನಗೆ ಗೊತ್ತಿತ್ತು. ದಾರಿಯಲ್ಲಿ ಕಲ್ಲು ಮುಗಿದರೆ ಇರಲಿ ಅಂತ ಫೆಲ್ಟಿನ ಅಡಿಯಲ್ಲಿ ಒಂದೆರಡು ಇಟ್ಟಿರುತ್ತಾರೆ. ಅವತ್ತು ಉಪಾಯ ಮಾಡುವ ಆತುರದಲ್ಲಿ ನಾನು ಸ್ಕ್ರೂ ಮಾತ್ರ ಬಿಚ್ಚಿದ್ದೆ, ಫೆಲ್ಟು ಎತ್ತಿರಲಿಲ್ಲ. ಆದರೆ ನಲವತ್ತು ವರ್ಷ ಪ್ರತಿ ಭಾನುವಾರ ಅದೇ ಫೆಲ್ಟು ಎತ್ತಿ ಎಣ್ಣೆ ಹಾಕಿದವನು ಅಪ್ಪ. ಅಲ್ಲಿ ಕಲ್ಲಿರುವುದು ಅವನಿಗೆ ಗೊತ್ತಿರಲಿಲ್ಲ ಅನ್ನಲು ಸಾಧ್ಯವೇ ಇಲ್ಲ. ಕಲ್ಲನ್ನು ಕೈಯಲ್ಲೇ ಹಿಡಿದುಕೊಂಡು ವಾರ ವಾರ "ಕಲ್ಲು ತಂದ್ಯಾ" ಅಂತ ಕೇಳುತ್ತಿದ್ದ.

ಫೋನಿನಲ್ಲಿ ಅಕ್ಕನಿಗೆ ಹೇಳಿದೆ. "ಕೈ ನಡುಗ್ತಿತ್ತಲ್ಲೋ, ಸ್ಕ್ರೂ ಬಿಚ್ಚೋಕೆ ಎಲ್ಲಾಗ್ತಿತ್ತು" ಅಂದಳು. ಇರಬಹುದು. ಕಾಸಿನ ಅಂಚು ಹಾಕಿ ತಿರುಗಿಸಬೇಕಾದ ಸ್ಕ್ರೂ ಅದು. ಆಮೇಲೆ ಹಿಟ್ಟು ಜರಡಿ ಹಿಡಿಯುತ್ತಿದ್ದ ಅವ್ವನ ಮುಂದೆ ಎರಡೂ ಕಲ್ಲನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಅವ್ವ ಜರಡಿ ನಿಲ್ಲಿಸಲಿಲ್ಲ.

"ಮಶೀನು ಇದ್ದ ಮನೆ ಕಣೋ. ಆ ಹುಡುಗ ಹೇಳಿದ್ದು ನಿಮ್ಮಪ್ಪನ ಕಿವಿಗೂ ಬಿದ್ದಿರ್ಲಿಲ್ವಾ? ನಿಂಗೊಬ್ಬನಿಗೇ ಬುದ್ಧಿ ಇರೋದಾ?"

ನಾನು ಅಪ್ಪನನ್ನು ಮಗುವಿನ ಹಾಗೆ ಏಮಾರಿಸಿದೆ ಅಂದುಕೊಂಡಿದ್ದೆ. ಏಮಾರಿದ್ದು ಯಾರು ಅಂತ ಅವ್ವನಿಗೆ ಮೊದಲೇ ಗೊತ್ತಿತ್ತು. ಮುಳ್ಳು ಹೋಯ್ತು ಅಂತ ಹೇಳಲಾರೆ, ಆದರೆ ಆ ಜಾಗದಲ್ಲಿ ಈಗ ಬೇರೆ ಏನೋ ಇದೆ.

ಎರಡರಲ್ಲಿ ಒಂದು ಕಲ್ಲನ್ನು ಹಾಕಿದೆ. ಇನ್ನೊಂದನ್ನು ಅಪ್ಪ ಇಟ್ಟ ಜಾಗದಲ್ಲೇ ಒತ್ತಿ ಇಟ್ಟೆ. ಮೊದಲ ಸಲಕ್ಕೇ ಹತ್ತಿತು. ಈಗ ಅದು ನನ್ನ ಜೇಬಿನಲ್ಲಿದೆ. ಕರೆಂಟು ಹೋದರೆ ಮೇಣದ ಬತ್ತಿ, ಸಂಜೆ ಸೊಳ್ಳೆಬತ್ತಿ, ಊರಿಗೆ ಹೋದರೆ ಹಂಡೆ ಒಲೆಗೆ ತೆಂಗಿನ ಗರಿ. ಹಚ್ಚೋಕೆ ಇರೋದು, ಸೇದೋಕಲ್ಲ. ಯಾರಾದರೂ ಹುಡುಗರು "ಅಣ್ಣಾ, ಬೆಂಕಿ ಇದ್ಯಾ" ಅಂದರೆ ಇಲ್ಲ ಅನ್ನುತ್ತೇನೆ. ಆ ಒಂದು ಸುಳ್ಳು ಮಾತ್ರ ನಾನು ಇನ್ನೂ ಬಿಟ್ಟಿಲ್ಲ.

ದೇವರ ಮನೆಗೆ ಮಾತ್ರ ಅದಕ್ಕೆ ಪ್ರವೇಶವಿರಲಿಲ್ಲ. "ಸೇದಿದ ಬೆಂಕಿ ಅದು, ದೀಪಕ್ಕೆ ಬ್ಯಾಡ" ಅನ್ನುವುದು ಅವ್ವನ ಕಟ್ಟಪ್ಪಣೆ. ಹೋದ ಆಯುಧಪೂಜೆಗೆ ಊರಿಗೆ ಹೋಗಿದ್ದೆ. ಕುಡುಗೋಲು, ಮಚ್ಚು, ಗುದ್ದಲಿ, ಪಂಪ್‌ಸೆಟ್ಟಿನ ಸ್ಪ್ಯಾನರು, ನನ್ನ ಕಾರಿನ ಕೀ, ಎಲ್ಲ ತೊಳೆದು ಮಣೆಯ ಮೇಲೆ ಸಾಲಾಗಿ ಇಟ್ಟಾಗಿತ್ತು. ಅವ್ವ ಕುಂಕುಮದ ಬಟ್ಟಲು ಹಿಡಿದು ಬಂದು ಸಾಲನ್ನು ಒಮ್ಮೆ ನೋಡಿ, ನನ್ನ ಮುಂದೆ ಕೈಚಾಚಿದಳು.

"ಎಲ್ಲಿ, ತತ್ತಾ ಅದನ್ನ. ಅದೂ ಒಂದು ಸಾಮಾನೇ ಅಲ್ವಾ."

ಕೊಟ್ಟೆ. ಸೆರಗಿನಲ್ಲಿ ಒರೆಸಿ, ಕುಡುಗೋಲಿನ ಪಕ್ಕದಲ್ಲಿಟ್ಟು, ಮುಚ್ಚಳದ ಮೇಲೆ ಒಂದು ಬೊಟ್ಟು ಕುಂಕುಮ ಇಟ್ಟು, ಒಂದು ಚೆಂಡುಹೂ ಇಟ್ಟಳು. ನನ್ನ ಗಂಟಲು ಕಟ್ಟಿತು.

ದೀಪವನ್ನು ಮಾತ್ರ ಬೆಂಕಿಪೊಟ್ಟಣದಿಂದಲೇ ಹಚ್ಚಿದಳು.